ಚಿಕ್ಕ ಹಿತ್ತಲಿನ ಹಾರ್ಸ್ ಚೆಸ್ಟ್‌ನಟ್: ಮಾಡಬೇಕಾದ್ದು, ಮಾಡಬಾರದ್ದು

ಬ್ರಿಟನ್ನಿನಲ್ಲಿ ನೆಲೆಸಿ, ಹಿತ್ತಲಿಗೆ ಈ ಮರ ತರಲು ಹೊರಟ ಕನ್ನಡದ ಮನೆಗಳಿಗೆ ಈ ಸೂಚನೆ. ಹಾರ್ಸ್ ಚೆಸ್ಟ್‌ನಟ್‌ನ ಬೀಜ, ಎಲೆ, ಚಿಗುರು, ತೊಗಟೆ ಎಲ್ಲವೂ ವಿಷ. ತಿಂದವರಿಗೆ ವಾಂತಿ, ಭೇದಿ, ಹೊಟ್ಟೆನೋವು. ನಾಯಿ ನುಂಗಿದರೆ ಬೀಜ ಕರುಳಿಗೆ ಅಡ್ಡ ಸಿಕ್ಕಬಹುದು; ಆಗ ಶಸ್ತ್ರಚಿಕಿತ್ಸೆಯೇ ಗತಿ.

ಮಾಡಬೇಕಾದ್ದು

• ನರ್ಸರಿಯಲ್ಲಿ ‘ಎರಿತ್ರೊಬ್ಲಾಸ್ಟೊಸ್’ ತಳಿಯನ್ನು ಹೆಸರು ಹೇಳಿಯೇ ಕೇಳಿ. ವಸಂತದಲ್ಲಿ ಗುಲಾಬಿಯಾಗಿ ಚಿಗುರಿ, ಹಳದಿಗೆ ತಿರುಗಿ, ಬೇಸಿಗೆಗೆ ಹಸಿರಾಗುತ್ತದೆ. ಚಿಕ್ಕ ಹಿತ್ತಲಿಗೆ ಇದಕ್ಕಿಂತ ಚೆಂದದ ಹಾರ್ಸ್ ಚೆಸ್ಟ್‌ನಟ್ ಇಲ್ಲ.

• ಗೋಡೆಯಿಂದ ದೂರ ಜಾಗ ಗುರುತಿಸಿ. ನಿಧಾನವಾಗಿ ಬೆಳೆದರೂ ಇದು ಮರವೇ. ದಶಕಗಳಲ್ಲಿ 8 ಮೀಟರ್ ಮುಟ್ಟಬಲ್ಲದು.

• ಅರೆನೆರಳು, ಗಾಳಿಗೆ ಮರೆ ಇರುವಲ್ಲಿ ನೆಡಿ. ಎಳೆಯ ಎಲೆ ಸುಡುಬಿಸಿಲಿಗೂ ತಡವಾಗಿ ಬೀಳುವ ಹಿಮಕ್ಕೂ ಕರಕಲಾಗುತ್ತದೆ.

• ನವೆಂಬರಿನಿಂದ ಮಾರ್ಚಿನೊಳಗೆ ನೆಟ್ಟು ಮುಗಿಸಿ.

• ಮೊದಲ ಎರಡು ಬೇಸಿಗೆ ಬುಡ ನೆನೆಯುವಂತೆ ನೀರುಣಿಸಿ.

• ಕಸಿಯ ಕೆಳಗೆ ಒಡೆದ ಚಿಗುರನ್ನು ಕಂಡ ದಿನವೇ ಕಿತ್ತುಹಾಕಿ. ಬಿಟ್ಟರೆ ಬೇರುಗಿಡವೇ ಮೇಲೆದ್ದು ತಂದ ತಳಿಯನ್ನು ನುಂಗುತ್ತದೆ.

• ಉದುರಿದ ಎಲೆ ಗುಡಿಸಿ. 2002ರಲ್ಲಿ ಬ್ರಿಟನ್ನಿಗೆ ಬಂದ ಎಲೆಕೊರಕ ಹುಳು ಅದರೊಳಗೇ ಚಳಿಗಾಲ ಕಳೆಯುತ್ತದೆ.

• ಬೀಜ ಬೀಳುವ ಕಾಲದಲ್ಲಿ ದಿನವೂ ಹೆಕ್ಕಿ ತೆಗೆಯಿರಿ.

• ಕಾಂಡದಿಂದ ಕಂದು ರಸ ಒಸರಿದರೆ ಮರದ ತಜ್ಞರನ್ನು ಕರೆಸಿ. ಅದು ಬ್ಯಾಕ್ಟೀರಿಯಾ ರೋಗವಿರಬಹುದು. ಆ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದು 1969ರಲ್ಲಿ, ಭಾರತದಲ್ಲಿ, ಹಿಮಾಲಯದ ಹಾರ್ಸ್ ಚೆಸ್ಟ್‌ನಟ್‌ನ ಎಲೆಯ ಮೇಲೆ.

ಮಾಡಬಾರದ್ದು

• ರಸ್ತೆಬದಿಯಲ್ಲಿ ಕಾಣುವ ಸಾಮಾನ್ಯ ಜಾತಿ ಚಿಕ್ಕ ಹಿತ್ತಲಿಗೆ ಬೇಡ. ಅದು 30 ಮೀಟರ್ ಏರುತ್ತದೆ.

• ಬೀಜ ಹಾಕಿ ಬೆಳೆಸುವುದು ಬೇಡ. ತಾಯಿಮರದ ಗುಲಾಬಿ ಚಿಗುರು ಸಸಿಯಲ್ಲಿ ಬರುತ್ತದೆಂಬ ಭರವಸೆಯಿಲ್ಲ.

• ಕಾಂಡಕ್ಕೆ ತಾಗುವಂತೆ ಗೊಬ್ಬರ ಗುಡ್ಡೆ ಹಾಕಬಾರದು.

• ಮರದ ತಲೆ ಕತ್ತರಿಸಬಾರದು.

• ಚಳಿಗಾಲದ ಪೇಟೆಯಲ್ಲಿ ಸುಟ್ಟು ಮಾರುವ ಚೆಸ್ಟ್‌ನಟ್ ಇದೇ ಎಂದು ತಿಳಿಯಬಾರದು. ಅದು ಸ್ವೀಟ್ ಚೆಸ್ಟ್‌ನಟ್, ಬೇರೆಯದೇ ಮರ. ಅದರ ಸಿಪ್ಪೆಯ ತುಂಬ ಸಣ್ಣ ಮುಳ್ಳು ದಟ್ಟವಾಗಿರುತ್ತವೆ, ಬೀಜದ ತುದಿ ಮೊನಚು, ಎಲೆ ಉದ್ದನೆಯ ಒಂಟಿ ಎಲೆ. ಹಾರ್ಸ್ ಚೆಸ್ಟ್‌ನಟ್‌ನ ಸಿಪ್ಪೆಯಲ್ಲಿ ಮುಳ್ಳು ವಿರಳ, ಕೆಲವು ಜಾತಿಗಳಲ್ಲಿ ಇಲ್ಲವೇ ಇಲ್ಲ. ಬೀಜ ಗುಂಡಗೆ, ನುಣ್ಣಗೆ, ಮೊನೆಯಿಲ್ಲ. ಒಂದೇ ತೊಟ್ಟಿಗೆ ಐದೇಳು ಎಲೆ ಹರಡಿರುತ್ತವೆ. ಅನುಮಾನವಿದ್ದರೆ ಬಾಯಿಗೆ ಬೇಡವೇ ಬೇಡ. ಹುರಿದರೂ ಬೇಯಿಸಿದರೂ ವಿಷ ಹೋಗುತ್ತದೆಂದು ನಂಬಬಾರದು.

• ಹಿಮಾಚಲದಲ್ಲಿ ಇದರ ಹಿಟ್ಟು ತಿನ್ನುತ್ತಾರೆಂದು ಪ್ರಯೋಗ ಬೇಡ. ಅದು ಬೇರೆ ಜಾತಿ. ಅದರ ಕಹಿಯನ್ನು ದಿನಗಟ್ಟಲೆ ನೀರಿನಲ್ಲಿ ತೊಳೆದು ತೆಗೆಯುವುದು ಅಲ್ಲಿನವರಿಗೆ ಗೊತ್ತು.

• ಉಬ್ಬಿದ ಕಾಲುನರಕ್ಕೆಂದು ಬೀಜದ ಕಷಾಯ ಮಾಡಬಾರದು. ಅಂಗಡಿಯ ಮಾತ್ರೆ ವಿಷದ ಅಂಶ ತೆಗೆದು ಮಾಡಿದ್ದು, ನಿಮ್ಮ ಪಾತ್ರೆಯದ್ದು ಹಾಗಲ್ಲ.

• ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಬೀಜ ತರಬಾರದು. ಪರವಾನಗಿ, ಸಸ್ಯಾರೋಗ್ಯ ಪತ್ರವಿಲ್ಲದೆ ಭಾರತಕ್ಕೆ ಬೀಜ ತರುವಂತಿಲ್ಲ. ಈ ಮರಕ್ಕೆ ಬೇಕಾದ ಚಳಿಗಾಲ ಬೆಂಗಳೂರಿನಲ್ಲೂ ಇಲ್ಲ.

ಮಗು ಬೀಜ ಕಚ್ಚಿದರೆ

• ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ.

• ವಾಂತಿ ಮಾಡಿಸುವುದು ಬೇಡ.

• ಬೀಜದ ತುಂಡು ಕೈಯಲ್ಲಿಟ್ಟುಕೊಂಡೇ 111ಕ್ಕೆ ಕರೆ ಮಾಡಿ.

• ಉಸಿರಾಟ ಕಷ್ಟವಾದರೆ, ಮಗು ಮಂಕಾದರೆ 999.

• ನಾಯಿಗಾದರೆ ನೇರ ಪಶುವೈದ್ಯರಿಗೆ; ಬೆಳಗಾಗಲೆಂದು ಕಾಯಬಾರದು.