ಮೇಜಿನ ಹಿಂದೆ ಕೂತವರು: ಏಂಜೆಲಾ ರಿಪ್ಪನ್ ಮತ್ತು ಬಿಬಿಸಿ ವಾರ್ತೆ

ಟಾಪ್ ಗೇರ್ ಅಂದ ಕೂಡಲೇ ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರಿಗೆ ನೆನಪಾಗೋದು ಜೆರೆಮಿ ಕ್ಲಾರ್ಕ್‌ಸನ್. ಆದರೆ ಆ ಕಾರ್ಯಕ್ರಮ ಶುರುವಾದದ್ದು 1977ರಲ್ಲಿ, ಬರ್ಮಿಂಗ್‌ಹ್ಯಾಮ್‌ನ ಬಿಬಿಸಿ ಸ್ಟುಡಿಯೋದಿಂದ, ಆ ಭಾಗದ ವೀಕ್ಷಕರಿಗೆ ಮಾತ್ರ. ಆಗ ಅದನ್ನು ನಡೆಸಿಕೊಡುತ್ತಿದ್ದವರಲ್ಲಿ ಒಬ್ಬರು ಏಂಜೆಲಾ ರಿಪ್ಪನ್ ಅನ್ನೋ ಮಹಿಳೆ. ಕಾರುಗಳ ಬಗ್ಗೆ ಮಾತಾಡೋದು ಅವರ ಮುಖ್ಯ ಕೆಲಸವೂ ಆಗಿರಲಿಲ್ಲ. ಅವರು ರಾತ್ರಿ ಒಂಬತ್ತು ಗಂಟೆಗೆ ಇಡೀ ಬ್ರಿಟನ್‌ಗೆ ವಾರ್ತೆ ಓದುತ್ತಿದ್ದವರು.

‘ಬಿಬಿಸಿ ಟಿವಿಯಲ್ಲಿ ರಾಷ್ಟ್ರೀಯ ವಾರ್ತೆ ಓದಿದ ಮೊದಲ ಮಹಿಳೆ ಯಾರು?’ ಅಂತ ಕ್ವಿಝ್‌ನಲ್ಲಿ ಕೇಳಿದರೆ ಬಹಳ ಜನ ರಿಪ್ಪನ್ ಹೆಸರು ಹೇಳಿಬಿಡ್ತಾರೆ. ಆ ಉತ್ತರಕ್ಕೆ ಅಂಕ ಸಿಗಬಾರದು. ಅವರಿಗಿಂತ ಹದಿನೈದು ವರ್ಷ ಮೊದಲೇ ಇನ್ನೊಬ್ಬರು ಓದಿದ್ದರು. ಹಾಗಾದರೆ ನಡುವಿನ ಹದಿನೈದು ವರ್ಷ ಏನಾಯ್ತು? ರಿಪ್ಪನ್ ಅವರ ವೃತ್ತಿಜೀವನ ಅರ್ಥವಾಗಬೇಕಾದರೆ ಮೊದಲು ಇದನ್ನು ನೋಡಬೇಕು. ಅದಕ್ಕೆ ಸ್ವಲ್ಪ ಹಿಂದಿನಿಂದ, ರೇಡಿಯೋ ಕಾಲದಿಂದ ಬರೋಣ.

ಬಿಬಿಸಿ ರೇಡಿಯೋದಲ್ಲಿ ಮೊದಮೊದಲು ವಾರ್ತೆ ಓದುವವರು ತಮ್ಮ ಹೆಸರನ್ನೇ ಹೇಳುತ್ತಿರಲಿಲ್ಲ. ವಾರ್ತೆ ಸಂಸ್ಥೆಯದ್ದು, ಓದುವವನು ಬರೀ ಬಾಯಿ ಅನ್ನೋ ಭಾವನೆ. ಹೆಸರು ಹೇಳೋಕೆ ಶುರು ಮಾಡಿದ್ದು 1940ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಜರ್ಮನಿಯವರು ಬಿಬಿಸಿ ಹೆಸರಲ್ಲಿ ಸುಳ್ಳು ವಾರ್ತೆ ಹರಡಿದರೆ ಅಸಲಿ ದನಿ ಯಾವುದು ಅಂತ ಜನರಿಗೆ ಗೊತ್ತಾಗಬೇಕಿತ್ತು. ಇವತ್ತಿನ ಮಾತಲ್ಲಿ ಹೇಳೋದಾದರೆ ಓದುವವರ ದನಿಯೇ ಪಾಸ್‌ವರ್ಡ್. ನಮ್ಮ ಆಕಾಶವಾಣಿಯಲ್ಲಿ ‘ಓದುತ್ತಿರುವವರು’ ಅಂತ ಹೆಸರು ಹೇಳೋದು ನಮಗೆ ಎಷ್ಟು ಸಹಜ ಅಲ್ವಾ? ಅಲ್ಲಿ ಅದಕ್ಕೆ ಒಂದು ಯುದ್ಧವೇ ಬೇಕಾಯ್ತು.

ಟಿವಿ ಬಂದಮೇಲೂ ಇದೇ ಕಥೆ. 1954ರ ಜುಲೈ 5ರಂದು ಬಿಬಿಸಿ ಟಿವಿಯ ಹೊಸ ದೈನಂದಿನ ವಾರ್ತೆ ಆರಂಭವಾಯ್ತು. ಓದಿದವರು ರಿಚರ್ಡ್ ಬೇಕರ್. ಆದರೆ ಪರದೆ ಮೇಲೆ ಕಂಡದ್ದು ನಕ್ಷೆಗಳು, ಸ್ಥಿರಚಿತ್ರಗಳು, ಫಿಲ್ಮ್ ತುಣುಕುಗಳು. ಬೇಕರ್ ಮುಖ ಕಾಣಲೇ ಇಲ್ಲ. ಓದುವವನ ಹುಬ್ಬು ಸ್ವಲ್ಪ ಮೇಲೆ ಹೋದರೂ ಅದು ಅಭಿಪ್ರಾಯ ಹೇಳಿದಂತೆ ಆಗಿಬಿಡುತ್ತೆ, ನಿಷ್ಪಕ್ಷಪಾತಕ್ಕೆ ಧಕ್ಕೆ ಬರುತ್ತೆ ಅಂತ ಬಿಬಿಸಿಯ ಹಿರಿಯರಿಗೆ ಭಯ. ಟಿವಿಯಲ್ಲಿ ರೇಡಿಯೋ ಕೇಳಿಸಿದ ಹಾಗೆ! ಮರುವರ್ಷ ಸೆಪ್ಟೆಂಬರ್‌ನಲ್ಲಿ ಕೆನೆತ್ ಕೆಂಡಲ್ ಮೊದಲ ಬಾರಿಗೆ ಮುಖ ತೋರಿಸಿ ಓದಿದರು. ಬಿಬಿಸಿಗೆ ಇದ್ದಕ್ಕಿದ್ದಂತೆ ಧೈರ್ಯ ಬಂದದ್ದಕ್ಕೆ ಕಾರಣ ಇತ್ತು. ಅದೇ ತಿಂಗಳ 22ಕ್ಕೆ ಐಟಿವಿ ಅನ್ನೋ ಖಾಸಗಿ ಎದುರಾಳಿ ಶುರುವಾಗೋದಿತ್ತು. ಐಟಿವಿಗೆ ವಾರ್ತೆ ಮಾಡುತ್ತಿದ್ದ ಐಟಿಎನ್ ಸಂಸ್ಥೆ ಕ್ರಿಸ್ ಚಾಟವೇ ಅನ್ನೋ ಪ್ರಸಿದ್ಧ ಓಟಗಾರನನ್ನು ವಾರ್ತೆ ಓದಲು ಕೂರಿಸಿತು. ಎರಡನೇ ದಿನವೇ ಅಲ್ಲಿ ಬಾರ್ಬರಾ ಮ್ಯಾಂಡೆಲ್ ಮಧ್ಯಾಹ್ನದ ವಾರ್ತೆ ಓದಿದರು. ಹಾಗಾಗಿ ಬ್ರಿಟನ್‌ನ ಟಿವಿ ವಾರ್ತೆಯಲ್ಲಿ ಹೆಣ್ಣುದನಿ 1955ರಲ್ಲೇ ಕೇಳಿಸಿತ್ತು, ಆದರೆ ಮಧ್ಯಾಹ್ನ.

ರಾತ್ರಿ ವಾರ್ತೆಯ ವಿಷಯವೇ ಬೇರೆ. 1960ರ ಜೂನ್‌ನಲ್ಲಿ ಬಿಬಿಸಿ ನ್ಯಾನ್ ವಿಂಟನ್ ಅವರನ್ನು ರಾಷ್ಟ್ರೀಯ ವಾರ್ತೆ ಓದಲು ಕೂರಿಸಿತು. ಆ ಕ್ವಿಝ್ ಪ್ರಶ್ನೆಗೆ ಸರಿ ಉತ್ತರ ಇವರು. ವಿಂಟನ್ ಹೊಸಬರೇನೂ ಅಲ್ಲ, ‘ಪನೋರಮಾ’ದಂಥ ಗಂಭೀರ ಕಾರ್ಯಕ್ರಮದಲ್ಲಿ ಕೆಲಸ ಮಾಡಿದ್ದವರು. ಭಾನುವಾರ ರಾತ್ರಿಯ ವಾರ್ತೆಯನ್ನು ಅವರು ಓದಿದರು. ದೂರುಗಳು ಬಂದವು. ಬಿಬಿಸಿಯ ವೀಕ್ಷಕ ಸಂಶೋಧನಾ ವಿಭಾಗ ಜನರ ಅಭಿಪ್ರಾಯ ಕೇಳಿತು. ತಡರಾತ್ರಿಯ ವಾರ್ತೆಯನ್ನು ಹೆಂಗಸು ಓದೋದು ವೀಕ್ಷಕರಿಗೆ ಒಪ್ಪಿಗೆಯಾಗುತ್ತಿಲ್ಲ ಅಂತ ವರದಿ ಬಂತು. 1961ರಲ್ಲಿ ಅವರನ್ನು ಆ ಕುರ್ಚಿಯಿಂದ ಇಳಿಸಿದರು.

ಇಲ್ಲಿ ನನಗೆ ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನ ಫೀಡ್‌ಬ್ಯಾಕ್ ಲೂಪ್ ನೆನಪಾಗುತ್ತೆ. ಬಿಬಿಸಿ ಮಾಡಿದ್ದು ನೋಡೋಕೆ ವೈಜ್ಞಾನಿಕವಾಗೇ ಇದೆ: ಒಂದು ಬದಲಾವಣೆ ಮಾಡಿತು, ಪ್ರತಿಕ್ರಿಯೆ ಅಳೆಯಿತು, ಅದರ ಪ್ರಕಾರ ಸರಿಪಡಿಸಿತು. ಆದರೆ ಅಳೆದದ್ದು ಏನನ್ನು? ವಿಂಟನ್ ಚೆನ್ನಾಗಿ ಓದ್ತಾರಾ, ಅವರು ಹೇಳಿದ ಸುದ್ದಿ ಜನರಿಗೆ ಅರ್ಥ ಆಗುತ್ತಾ ಅನ್ನೋದನ್ನಲ್ಲ. ಅಳೆದದ್ದು ರೂಢಿಯನ್ನು. ರೇಡಿಯೋ ಕಾಲದಿಂದ ಗಂಡುದನಿಯನ್ನೇ ಕೇಳಿಸಿ ಕಿವಿಗೆ ಅಭ್ಯಾಸ ಮಾಡಿಸಿದ್ದು ಅದೇ ಬಿಬಿಸಿ. ಈಗ ಆ ಅಭ್ಯಾಸವನ್ನೇ ಸಮೀಕ್ಷೆಯಲ್ಲಿ ವಾಪಸ್ ಕೇಳಿ, ‘ನೋಡಿ, ಜನ ಬೇಡ ಅಂತಾರೆ’ ಅಂದುಬಿಟ್ಟಿತು. ಸಿಸ್ಟಂ ಹೊಸ ಸ್ಥಿತಿಗೆ ಬಂದು ನೆಲೆಯಾಗೋಕೆ ಸಮಯ ಕೊಡದೆ, ಮೊದಲ ಏರಿಳಿತ ನೋಡಿಯೇ ಸ್ವಿಚ್ ಆಫ್ ಮಾಡಿದ ಹಾಗೆ. ಇನ್ನೊಂದು ವರ್ಷ ವಿಂಟನ್ ಅಲ್ಲೇ ಕೂತಿದ್ದರೆ ಅದೇ ಜನ ಏನು ಹೇಳುತ್ತಿದ್ದರು ಅನ್ನೋ ಡೇಟಾ ನಮಗೆ ಸಿಗೋದೇ ಇಲ್ಲ.

ಈಗ ರಿಪ್ಪನ್ ವಿಷಯಕ್ಕೆ ಬರೋಣ. ಅವರು ಹುಟ್ಟಿದ್ದು 1944ರ ಅಕ್ಟೋಬರ್ 12ರಂದು, ಇಂಗ್ಲೆಂಡಿನ ನೈರುತ್ಯ ಮೂಲೆಯ ಬಂದರು ಊರು ಪ್ಲಿಮತ್‌ನಲ್ಲಿ. ಚಿಕ್ಕಂದಿನಲ್ಲಿ ಬ್ಯಾಲೆ ನೃತ್ಯ ಕಲಿತಿದ್ದರು (ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ). ಶಾಲೆ ಬಿಟ್ಟಮೇಲೆ ಯೂನಿವರ್ಸಿಟಿಗೆ ಹೋಗದೆ ನೇರ ಸ್ಥಳೀಯ ಪತ್ರಿಕೆಯ ಕೆಲಸಕ್ಕೆ ಸೇರಿದರು. 1966ರಲ್ಲಿ ಪ್ಲಿಮತ್‌ನ ಬಿಬಿಸಿ ಪ್ರಾದೇಶಿಕ ಟಿವಿ, 1973ರಲ್ಲಿ ಲಂಡನ್ನಿನ ರಾಷ್ಟ್ರೀಯ ಸುದ್ದಿ ವಿಭಾಗದಲ್ಲಿ ವರದಿಗಾರ್ತಿ. 1975ರಲ್ಲಿ ‘ನೈನ್ ಓ ಕ್ಲಾಕ್ ನ್ಯೂಸ್’ ಓದುವ ಖಾಯಂ ಸರದಿಗೆ ಬಂದರು. ಬಿಬಿಸಿ ಟಿವಿಯ ರಾಷ್ಟ್ರೀಯ ವಾರ್ತೆಯನ್ನು ಖಾಯಂ ಆಗಿ ಓದಿದ ಮೊದಲ ಮಹಿಳೆ ಅಂದರೆ ಸರಿಯಾದ ಮಾತು. ‘ಖಾಯಂ’ ಅನ್ನೋ ಆ ಒಂದು ಪದದಲ್ಲೇ ಎಲ್ಲ ವ್ಯತ್ಯಾಸ ಇರೋದು.

ಅದೇ ಸರದಿಯಲ್ಲಿ ಯಾರಿದ್ದರು ಗೊತ್ತಾ? ರಿಚರ್ಡ್ ಬೇಕರ್, ಕೆನೆತ್ ಕೆಂಡಲ್. ಮುಖ ಕಾಣದ ಕಾಲದಲ್ಲಿ ಓದಿದವರು ಮತ್ತು ಮೊದಲ ಸಲ ಮುಖ ತೋರಿಸಿದವರು. ಹೊರಗೂ ಕಾಲ ಬದಲಾಗಿತ್ತು. ಬ್ರಿಟನ್ನಿನ ಲಿಂಗ ತಾರತಮ್ಯ ತಡೆ ಕಾಯ್ದೆ ಜಾರಿಗೆ ಬಂದದ್ದು 1975ರ ಡಿಸೆಂಬರ್ ಕೊನೆಯಲ್ಲಿ. ಸಮಾನ ವೇತನ ಕಾಯ್ದೆ 1970ರಲ್ಲೇ ಪಾಸಾಗಿದ್ದರೂ ಜಾರಿಗೆ ಬಂದದ್ದು ಅದೇ ದಿನ. ಪತ್ರಿಕೆಗಳೇನೋ ಅವರ ಬಟ್ಟೆ, ಕೂದಲ ಬಗ್ಗೆ ಬರೆಯೋದು ಬಿಡಲಿಲ್ಲ. 1978ರಲ್ಲಿ ಆನಾ ಫೋರ್ಡ್ ಐಟಿಎನ್‌ನಲ್ಲಿ ‘ನ್ಯೂಸ್ ಅಟ್ ಟೆನ್’ ಓದೋಕೆ ಬಂದಾಗ ಇಬ್ಬರ ನಡುವೆ ಜಗಳ ಇದೆ ಅನ್ನೋ ಹಾಗೆ ಬರೆದರು. ಬೇಕರ್‌ಗೂ ಕೆಂಡಲ್‌ಗೂ ಹೀಗೆ ಯಾರೂ ಗಂಟು ಹಾಕಿರಲಿಲ್ಲ. ಆದರೆ ರಿಪ್ಪನ್ ಕುರ್ಚಿ ಬಿಟ್ಟು ಏಳಬೇಕಾಗಿ ಬರಲಿಲ್ಲ. 1981ರವರೆಗೂ ಓದಿದರು. ಜನರಿಗೆ ಅಭ್ಯಾಸ ಆಯ್ತು, ಅಷ್ಟೇ.

ಕುರ್ಚಿ ಬಿಟ್ಟು ಎದ್ದದ್ದು ಒಂದೇ ಸಲ, ಅದೂ ಅವರಾಗೇ. 1976ರ ಕ್ರಿಸ್‌ಮಸ್. ಎರಿಕ್ ಮೋರ್‌ಕ್ಯಾಂಬ್ ಮತ್ತು ಅರ್ನಿ ವೈಸ್ ಆಗ ಬ್ರಿಟನ್ನಿನ ಅತಿ ಜನಪ್ರಿಯ ಹಾಸ್ಯ ಜೋಡಿ, ಅವರ ಕ್ರಿಸ್‌ಮಸ್ ಕಾರ್ಯಕ್ರಮವನ್ನು ಮನೆಮಂದಿಯೆಲ್ಲ ಕೂತು ನೋಡುತ್ತಿದ್ದರು. ಅದರಲ್ಲಿ ರಿಪ್ಪನ್ ಎಂದಿನ ಗಂಭೀರ ಮುಖದಲ್ಲಿ ಮೇಜಿನ ಹಿಂದೆ ಕೂತು ವಾರ್ತೆ ಓದುತ್ತಿರುತ್ತಾರೆ. ಇದ್ದಕ್ಕಿದ್ದಂತೆ ಎದ್ದು ಮೇಜಿನ ಆಚೆ ಬಂದು, ಕಾಲು ತಲೆಯ ಎತ್ತರಕ್ಕೆ ಎತ್ತಿ ಕುಣಿಯೋಕೆ ಶುರು! ಬ್ಯಾಲೆ ಪಾಠ ಈಗ ಕೆಲಸಕ್ಕೆ ಬಂತು. ಅಲ್ಲಿಯವರೆಗೆ ವಾರ್ತೆ ಓದುವವರಿಗೆ ಕಾಲುಗಳಿವೆ ಅನ್ನೋದನ್ನೇ ಜನ ಯೋಚಿಸಿರಲಿಲ್ಲ. 1940ಕ್ಕೆ ಮೊದಲು ಹೆಸರಿಲ್ಲ, 1955ರವರೆಗೆ ಮುಖವಿಲ್ಲ, 1976ರವರೆಗೆ ಕಾಲಿಲ್ಲ. ಇಷ್ಟಾಗಿ ಮರುದಿನದ ವಾರ್ತೆಯ ಮೇಲೆ ನಂಬಿಕೆ ಏನೂ ಕುಸಿಯಲಿಲ್ಲ. ಮರುವರ್ಷದ ಕ್ರಿಸ್‌ಮಸ್‌ಗೆ ರಿಚರ್ಡ್ ಬೇಕರ್ ಅವರೇ ನಾವಿಕನ ವೇಷ ಹಾಕಿ ಅದೇ ಕಾರ್ಯಕ್ರಮಕ್ಕೆ ಬಂದರು. ಹುಬ್ಬಿನ ಬಗ್ಗೆ ಹೆದರಿದ್ದ ಹಿರಿಯರು ಏನಂದುಕೊಂಡರೋ.

ಆಮೇಲಿನದ್ದೆಲ್ಲ ಸುಖಸಾಗರ ಅಲ್ಲ. 1983ರ ಫೆಬ್ರವರಿಯಲ್ಲಿ ಟಿವಿ-ಎಎಂ ಅನ್ನೋ ಬೆಳಗಿನ ಟಿವಿ ಕಂಪನಿ ಶುರುವಾಯ್ತು. ಡೇವಿಡ್ ಫ್ರಾಸ್ಟ್, ಮೈಕಲ್ ಪಾರ್ಕಿನ್‌ಸನ್, ರಾಬರ್ಟ್ ಕೀ, ಆನಾ ಫೋರ್ಡ್, ರಿಪ್ಪನ್: ಐದೂ ದೊಡ್ಡ ಹೆಸರುಗಳು. ವೀಕ್ಷಕರು ಬರಲಿಲ್ಲ. ಮೂರು ತಿಂಗಳೊಳಗೇ ಕಂಪನಿ ಫೋರ್ಡ್ ಮತ್ತು ರಿಪ್ಪನ್ ಇಬ್ಬರನ್ನೂ ತೆಗೆದುಹಾಕಿತು. ಐವರಲ್ಲಿ ಇದ್ದ ಹೆಂಗಸರು ಅವರಿಬ್ಬರೇ. ಮುಂದೆ ರಿಪ್ಪನ್ ಸ್ವಲ್ಪ ಕಾಲ ಅಮೆರಿಕದ ಬೋಸ್ಟನ್‌ನ ಟಿವಿಯಲ್ಲಿ ಕೆಲಸ ಮಾಡಿ ವಾಪಸ್ ಬಂದರು. ‘ಕಮ್ ಡಾನ್ಸಿಂಗ್’ ಅನ್ನೋ ನೃತ್ಯ ಸ್ಪರ್ಧೆ ನಡೆಸಿಕೊಟ್ಟರು. 2009ರಿಂದ ಗ್ರಾಹಕರಿಗೆ ಆಗುವ ಮೋಸಗಳ ಬಗ್ಗೆ ‘ರಿಪ್ ಆಫ್ ಬ್ರಿಟನ್’ ನಡೆಸಿದರು. ತಾಯಿಗೆ ಮರೆವಿನ ಕಾಯಿಲೆ ಬಂದದ್ದನ್ನು ಹತ್ತಿರದಿಂದ ನೋಡಿದ್ದ ಅವರು ಆ ರೋಗಿಗಳಿಗಾಗಿ ವರ್ಷಗಟ್ಟಲೆ ದುಡಿದರು. 2017ರಲ್ಲಿ ಸಿಬಿಇ ಗೌರವ ಬಂದದ್ದು ಆ ಕೆಲಸಕ್ಕೆ.

ಹೆಣ್ಣುದನಿ ಅನ್ನೋ ತಕರಾರು ಮುಗಿದಮೇಲೆ ವಯಸ್ಸು ಅನ್ನೋ ತಕರಾರು ಬಂತು. 1981ರಲ್ಲಿ ವಾರ್ತೆ ಓದೋಕೆ ಶುರು ಮಾಡಿದ ಮೊಯ್ರಾ ಸ್ಟುವರ್ಟ್, ಬಿಬಿಸಿ ಟಿವಿಯಲ್ಲಿ ಆ ಕೆಲಸಕ್ಕೆ ಬಂದ ಮೊದಲ ಕಪ್ಪು ಮಹಿಳೆ. 2007ರಲ್ಲಿ ಅವರನ್ನು ಕೈಬಿಟ್ಟಾಗ ‘ಗಂಡಸರಿಗೆ ಬಿಳಿಕೂದಲು ಅನುಭವ, ಹೆಂಗಸರಿಗೆ ಮಾತ್ರ ವಯಸ್ಸಾ?’ ಅನ್ನೋ ಅರ್ಥದ ವಾದ ಬ್ರಿಟನ್ನಿನಲ್ಲಿ ಜೋರಾಗೇ ನಡೆಯಿತು. ಆ ವಾದ ಇನ್ನೂ ಮುಗಿದಿಲ್ಲ. ಈ ನಡುವೆ ‘ಕಮ್ ಡಾನ್ಸಿಂಗ್’ ಹೊಸ ರೂಪದಲ್ಲಿ ‘ಸ್ಟ್ರಿಕ್ಟ್ಲಿ ಕಮ್ ಡಾನ್ಸಿಂಗ್’ ಆಗಿತ್ತು. 2023ರಲ್ಲಿ ರಿಪ್ಪನ್ ಅದಕ್ಕೆ ಸ್ಪರ್ಧಿಯಾಗಿ ಹೋದರು. ಸ್ಪರ್ಧೆ ನಡೆಯುತ್ತಿರುವಾಗಲೇ 79 ತುಂಬಿತು. ಅಷ್ಟು ವಯಸ್ಸಿನವರು ಅಲ್ಲಿಯವರೆಗೆ ಅಲ್ಲಿ ಕುಣಿದಿರಲಿಲ್ಲ. ಕಾಲು ಈಗಲೂ ತಲೆಯ ಎತ್ತರಕ್ಕೇ ಹೋಗ್ತಿತ್ತು.