ಪಾಠ 9: ಮತ್ತೆ ಕುಂಟೆಬಿಲ್ಲೆ ಆಡೋಣ



ಚಿಕ್ಕವರಿದ್ದಾಗ ನಾವೆಲ್ಲ ಕುಂಟೆಬಿಲ್ಲೆ ಆಡಿದ್ದೇವೆ. ಹಗ್ಗದಾಟ ಆಡಿದ್ದೇವೆ. ಆಮೇಲೆ ಮೈನೆರೆದೆವು. "ದೊಡ್ಡವಳಾದೆ, ಇನ್ನು ಎಗರಬೇಡ" ಅಂದರು. ಅಂದಿನಿಂದ ಎಗರುವುದನ್ನೇ ಬಿಟ್ಟೆವು.

ಈಗ ಪೇಟೆಯಲ್ಲಿ ಹೆಂಗಸರು ದುಡ್ಡು ಕೊಟ್ಟು ಎಗರುತ್ತಾರೆ. ಅದಕ್ಕೆ ಬೂಟ್ ಕ್ಯಾಂಪ್ ವ್ಯಾಯಾಮ ಅನ್ನುತ್ತಾರೆ. ಸೈನ್ಯಕ್ಕೆ ಹೊಸದಾಗಿ ಸೇರಿದವರ ತರಬೇತಿಯಿಂದ ಬಂದ ಹೆಸರು ಅದು. ಸ್ವಲ್ಪ ಹೊತ್ತು ಜೋರಾಗಿ ಮಾಡುವುದು, ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳುವುದು. ಇಷ್ಟೇ ಅದರ ಗುಟ್ಟು. ಇದಕ್ಕೆ ಯಂತ್ರ ಬೇಡ. ನಮ್ಮ ದೇವಲಾಪುರದ ಅಂಗಳವೇ ಸಾಕು.

ನಮಗ್ಯಾಕೆ ವ್ಯಾಯಾಮ?

"ಬೆಳಗಿಂದ ದುಡೀತಾನೇ ಇರ್ತೀವಿ, ಇದೊಂದು ಬೇರೆ ಬೇಕಾ?" ಅಂತ ನೀವು ಕೇಳಬಹುದು. ಮಾತು ನಿಜ. ರಾಗಿ ಕುಯ್ಯುವ ದಿನ, ಕಳೆ ಕೀಳುವ ದಿನ ವ್ಯಾಯಾಮ ಬೇಡ. ಅಂದು ಮೈಗೆ ಬಿಡುವು ಬೇಕು. ಆದರೆ ವರ್ಷವೆಲ್ಲ ಹೊಲದ ಕೆಲಸ ಇರುವುದಿಲ್ಲ. ಬೀಸುವ ಕಲ್ಲು ಹೋಯಿತು, ಮಿಲ್ಲು ಬಂತು. ಒನಕೆ ಮೂಲೆ ಸೇರಿತು. ಸಕ್ಕರೆ ಕಾಯಿಲೆ, ಬಿ.ಪಿ. ಹಳ್ಳಿಗೂ ಬಂದಿವೆ.

ಏದುಸಿರು ಬರುವಂತೆ ಮೈ ಆಡಿಸಿದರೆ ಹೃದಯ ಗಟ್ಟಿಯಾಗುತ್ತದೆ. ರಕ್ತದ ಸಕ್ಕರೆ ಹತೋಟಿಗೆ ಬರಲು ನೆರವಾಗುತ್ತದೆ. ಎಗರಿದರೆ ಮೂಳೆಗೂ ಬಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಅದಕ್ಕೆ ಮೊದಲೇ ಬಲ ಕೂಡಿಡಬೇಕು.

ಏನೇನು ಬೇಕು?

ನಾರಿನ ಹಗ್ಗ ಒಂದು. ನಡುವೆ ಒಂದು ಕಾಲಿಟ್ಟು ಎತ್ತಿದರೆ ತುದಿಗಳು ಕಂಕುಳಿಗೆ ಬರಬೇಕು. ಬಕೆಟ್ಟು ಒಂದು. 5 ಲೀಟರ್ ನೀರು ತುಂಬಿದರೆ 5 ಕಿಲೋ ಭಾರ. ಗೆರೆ ಎಳೆಯಲು ಸೀಮೆಸುಣ್ಣ. ಜಾಗ ಮಣ್ಣಿನದಾಗಿರಲಿ. ಸುಗ್ಗಿ ಮುಗಿದ ಕಣ ಬಹಳ ಒಳ್ಳೆಯದು. ಸಿಮೆಂಟು ನೆಲ ಮಂಡಿಗೆ ಪೆಟ್ಟು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ. ಚೂಡಿದಾರವಾದರೆ ಇನ್ನೂ ಸಲೀಸು.

ಮಾಡುವ ಬಗೆ

ಮೊದಲು 5 ನಿಮಿಷ ನಡೆಯಿರಿ. ಆಮೇಲೆ ಈ ನಾಲ್ಕು ಆಟ:

1. ಬಸ್ಕಿ. ಕುರ್ಚಿಯಲ್ಲಿ ಕೂರುವಂತೆ ಅರ್ಧ ಕೂತು ಏಳಿ.
2. ಕುಂಟೆಬಿಲ್ಲೆ. ಗೆರೆಯ ಆಚೆ ಈಚೆ ಎಗರಿ.
3. ಬಕೆಟ್ಟು ಎತ್ತುವುದು. ಬೆನ್ನು ನೆಟ್ಟಗಿರಲಿ, ಮಂಡಿ ಬಗ್ಗಲಿ.
4. ಹಗ್ಗದಾಟ. ಹಗ್ಗ ದಾಟುವಷ್ಟು ಎಗರಿದರೆ ಸಾಕು.

ಒಂದೊಂದನ್ನೂ 20 ಎಣಿಸುವ ತನಕ ಮಾಡಿ. 40 ಎಣಿಸುವ ತನಕ ಸುಧಾರಿಸಿಕೊಳ್ಳಿ. ನಿಧಾನವಾಗಿ ಎಣಿಸಿದರೆ 60ಕ್ಕೆ ಒಂದು ನಿಮಿಷ. ನಾಲ್ಕೂ ಮುಗಿದರೆ ಒಂದು ಸುತ್ತು. ಮೊದಲ ಎರಡು ವಾರ ಒಂದೇ ಸುತ್ತು, ದಿನ ಬಿಟ್ಟು ದಿನ. ಬರಬರುತ್ತಾ ಮೂರು ಸುತ್ತು ಮಾಡಿ. ಕೊನೆಗೆ ಮತ್ತೆ 5 ನಿಮಿಷ ನಡೆಯಿರಿ.

ನೆಲಕ್ಕೆ ಮೊದಲು ಮುಂಗಾಲು, ಆಮೇಲೆ ಹಿಮ್ಮಡಿ. ಮಂಡಿ ಸ್ವಲ್ಪ ಬಗ್ಗಿರಲಿ. ಬೆಕ್ಕು ಇಳಿದಂತೆ ಇಳಿಯಿರಿ. ಧೊಪ್ ಅಂತ ಸದ್ದಾದರೆ ಸರಿಯಿಲ್ಲ ಅಂತ ತಿಳಿಯಿರಿ.

ಯಾರು ಎಗರಬಾರದು?

ಬಸುರಿಯರು, ಹಸಿ ಬಾಣಂತಿಯರು, ಮಂಡಿನೋವು, ಎದೆನೋವು ಇರುವವರು, ಮೂಳೆ ಸವೆದವರು, ಗರ್ಭಕೋಶ ಜಾರಿದವರು ಎಗರಬಾರದು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಎಗರಲಾಗದವರು ನಡೆಯಬಹುದು. ಮೈ ತಾಳಿದರೆ ಜಗಲಿ ಮೆಟ್ಟಿಲನ್ನು ನಿಧಾನವಾಗಿ ಹತ್ತಿ ಇಳಿಯಬಹುದು.

ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ. ರಕ್ತ ಕಡಿಮೆ ಇರಬಹುದು. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು. ಎಗರಿದಾಗ, ಕೆಮ್ಮಿದಾಗ ಮೂತ್ರ ಸೋರುತ್ತದೆಯೇ? ಹೆರಿಗೆಯಾದ ಎಷ್ಟೋ ಜನಕ್ಕೆ ಹೀಗಾಗುತ್ತದೆ. ನಾಚಿ ಮುಚ್ಚಿಡುತ್ತೇವೆ. ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. ಇದಕ್ಕೆ ಚಿಕಿತ್ಸೆ ಇದೆ.

ನಮ್ಮ ಕಡೆಯ ಹುಡುಗಿ

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಹೆಂಗಸರ ತಂಡ ಗೆದ್ದಿತು. ಆ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಖೋ ಖೋಗೆ ಬೇಕಾದ್ದು ಎರಡು ಕಂಬ, ಒಂದು ಬಯಲು. ಹಳ್ಳಿ ಹುಡುಗಿ ಓಡಿದಳು, ಲೋಕ ನೋಡಿತು. ನಿಮ್ಮ ಮಗಳು ಮೈನೆರೆದಾಗ "ಎಗರಬೇಡ" ಅನ್ನಬೇಡಿ. "ಬಾ, ಹಗ್ಗ ಹಿಡಿ" ಅನ್ನಿ.

ಅಭ್ಯಾಸ

1. ಓದಿ ಹೇಳಿ: ಯಾವ ದಿನ ವ್ಯಾಯಾಮ ಬೇಡ? ಯಾಕೆ?
2. ಲೆಕ್ಕ ಮಾಡಿ: ಒಂದು ಸುತ್ತಿಗೆ 4 ನಿಮಿಷ. ಮೂರು ಸುತ್ತಿಗೆ ಎಷ್ಟು? ನಡಿಗೆಯೂ ಸೇರಿದರೆ ಎಷ್ಟು?
3. ಬರೆಯಿರಿ: ಹಗ್ಗ, ಬಕೆಟ್ಟು, ಮಂಡಿ, ಮೂಳೆ, ರಕ್ತ.
4. ಮಾತಾಡಿ: ನೀವು ಆಟ ಬಿಟ್ಟದ್ದು ಯಾವಾಗ? ಬಿಡಿಸಿದವರು ಯಾರು?