ಹೊದಿಕೆ ಕಳೆದುಕೊಂಡ ಗ್ರಂಥ: ‘ವ್ಯಾನಿಟಿ ಫೇರ್’ ಮತ್ತು ಗ್ರಂಥಸಂಪಾದನೆಯ ಒಂದು ಪ್ರಶ್ನೆ

ಆಂಗ್ಲ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಹುಟ್ಟಿದ್ದು 1811ರ ಜುಲೈ 18ರಂದು, ಕೋಲ್ಕತ್ತದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಆತನ ತಂದೆ ರಿಚ್‌ಮಂಡ್ ಥ್ಯಾಕರೆ 1815ರಲ್ಲಿ ಅದೇ ನಗರದಲ್ಲಿ ತೀರಿಕೊಂಡ. ಮರುವರ್ಷ ಬಾಲಕನನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಈ ಮನೆತನದ ಹೆಸರು ಕನ್ನಡಿಗರಿಗೆ ಬೇರೊಂದು ಕಾರಣದಿಂದ ಪರಿಚಿತ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಹತನಾದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಈ ಕಾದಂಬರಿಕಾರನ ಚಿಕ್ಕಪ್ಪ. ಚೆನ್ನಮ್ಮನ ಕಥೆಯಲ್ಲಿ ಬರುವ ಥ್ಯಾಕರೆಯನ್ನೂ ಆಂಗ್ಲ ತರಗತಿಯ ಥ್ಯಾಕರೆಯನ್ನೂ ವಿದ್ಯಾರ್ಥಿಗಳು ಒಟ್ಟಿಗೆ ನೆನೆಯುವುದು ಅಪರೂಪ.

ಥ್ಯಾಕರೆಯ ‘ವ್ಯಾನಿಟಿ ಫೇರ್’ ಗ್ರಂಥಸಂಗ್ರಾಹಕರು ಬಹಳವಾಗಿ ಅಪೇಕ್ಷಿಸುವ ಕೃತಿ. ಕರುವಿನ ಚರ್ಮ ಅಥವಾ ಮೊರಾಕೊ ಎಂಬ ಆಡಿನ ಚರ್ಮದ ಹೊದಿಕೆ, ಬೆನ್ನಿನ ಮೇಲೆ ಉಬ್ಬುಪಟ್ಟಿಗಳು, ಚಿನ್ನದ ಅಕ್ಷರಗಳು, ಹೊಂಬಣ್ಣದ ಮೇಲಂಚು: ಇಂತಹ ಪ್ರತಿಯನ್ನು ಕಂಡವರು ಗ್ರಂಥವು ಮೊದಲಿನಿಂದಲೂ ಹೀಗೆಯೇ ಇತ್ತೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಅದು ಹುಟ್ಟಿದ್ದು ಹಳದಿ ಕಾಗದದ ಹೊದಿಕೆಯಲ್ಲಿ. 1847ರ ಜನವರಿಯಿಂದ 1848ರ ಜುಲೈವರೆಗೆ, ಬ್ರಾಡ್‌ಬರಿ ಮತ್ತು ಇವಾನ್ಸ್ ಪ್ರಕಾಶಕರು ತಿಂಗಳಿಗೊಂದರಂತೆ ಕಂತುಗಳಾಗಿ, ಒಂದು ಷಿಲಿಂಗಿನ ಬೆಲೆಗೆ ಇದನ್ನು ಹೊರತಂದರು; ಕೊನೆಯದು ಎರಡು ಕಂತುಗಳ ಜೋಡಿ ಸಂಚಿಕೆ. ಚಿತ್ರಗಳನ್ನು ಥ್ಯಾಕರೆಯೇ ಬರೆದಿದ್ದ. ಕಂತುಗಳು ಪೂರ್ಣವಾದ ಮೇಲೆ ಓದುಗರು ಅವನ್ನು ಬೈಂಡರಿಗೆ ಒಪ್ಪಿಸುತ್ತಿದ್ದರು. ಬೈಂಡರು ಹಳದಿ ಹೊದಿಕೆಗಳನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತು, ಅಂಚು ಕತ್ತರಿಸಿ, ಉಳಿದುದನ್ನು ಹೊಲಿದು ಚರ್ಮ ಹೊದಿಸುತ್ತಿದ್ದ. ಅವನ ಕೆಲಸದಲ್ಲಿ ದೋಷವಿರಲಿಲ್ಲ. ಅಂದಿನ ಪದ್ಧತಿಯೇ ಹಾಗಿತ್ತು.

ಹೀಗೆ ಕಿತ್ತೆಸೆದ ಹಾಳೆಗಳಲ್ಲಿ ಕೃತಿಯ ಒಂದು ಭಾಗವೂ ಹೋಯಿತು. ಕಂತುಗಳ ಹೊದಿಕೆಯ ಮೇಲೆ ಕೃತಿಯನ್ನು ಆಂಗ್ಲ ಸಮಾಜದ ಲೇಖನಿ ಮತ್ತು ಸೀಸದಕಡ್ಡಿಯ ಚಿತ್ರಗಳೆಂದು ಕರೆಯಲಾಗಿತ್ತು. 1848ರಲ್ಲಿ ಗ್ರಂಥರೂಪ ತಾಳಿದಾಗ ಉಪಶೀರ್ಷಿಕೆಯು ‘ನಾಯಕನಿಲ್ಲದ ಕಾದಂಬರಿ’ ಎಂದು ಬದಲಾಯಿತು. ಸಮಾಜಚಿತ್ರಗಳ ಸರಣಿಯೆಂದು ಹೊರಟದ್ದು ಕಾದಂಬರಿಯೆಂದು ಮುಗಿದ ಸಂಗತಿ ಪ್ರಕಾರದ ಅಧ್ಯಯನಕ್ಕೆ ಸಣ್ಣದೇನಲ್ಲ. ಇದಕ್ಕಿಂತ ಕುತೂಹಲಕರವಾದುದು ಹೊದಿಕೆಯ ಚಿತ್ರ. ಉದ್ದ ಕಿವಿಯ ವಿದೂಷಕವೇಷ ಧರಿಸಿದವನೊಬ್ಬ ಪೀಪಾಯಿಯ ಮೇಲೆ ನಿಂತು, ತನ್ನಂತೆಯೇ ವೇಷ ತೊಟ್ಟ ಜನರಿಗೆ ಉಪದೇಶ ಮಾಡುತ್ತಿರುವುದು ಅದರ ವಸ್ತು. ಎಂಟನೆಯ ಅಧ್ಯಾಯದಲ್ಲಿ ನಿರೂಪಕನು ನೇರವಾಗಿ ಈ ಚಿತ್ರದತ್ತ ಬೆರಳು ಮಾಡಿ, ಅದು ತನ್ನದೇ ಭಾವಚಿತ್ರವೆನ್ನುತ್ತಾನೆ. ಉಪದೇಶಕನೂ ಕೇಳುಗರೂ ಒಂದೇ ವೇಷದ ಹುಚ್ಚರೆಂಬ ವ್ಯಂಗ್ಯಕ್ಕೆ ಆ ಚಿತ್ರವೇ ಆಧಾರ. ಹೊದಿಕೆಯಿಲ್ಲದ ಚರ್ಮದ ಪ್ರತಿಯಲ್ಲಿ ಆ ವಾಕ್ಯವು ಇಲ್ಲದ ವಸ್ತುವನ್ನು ತೋರಿಸುತ್ತ ನಿಂತಿದೆ. ಹೊರಕವಚ ಎಷ್ಟು ಬೆಲೆಬಾಳಿದರೂ ಪಾಠವು ಇಲ್ಲಿ ಊನವಾಗಿದೆಯೆಂದೇ ಹೇಳಬೇಕು.

ಒಳಗಿನ ಪುಟಗಳಲ್ಲಿಯೂ ವ್ಯತ್ಯಾಸಗಳುಂಟು. ಮೊದಲ ಮುದ್ರಣದ ಆದಿಯ ಪ್ರತಿಗಳಲ್ಲಿ ಪ್ರಥಮ ಪುಟದ ಶೀರ್ಷಿಕೆ ಮರದ ಕೊಂಬೆಗಳನ್ನು ಹೋಲುವ ಅಕ್ಷರಗಳಲ್ಲಿದೆ. 336ನೆಯ ಪುಟದಲ್ಲಿ ಮಾರ್ಕ್ವಿಸ್ ಆಫ್ ಸ್ಟೈನ್ ಎಂಬ ಪಾತ್ರದ ಮರದಚ್ಚಿನ ಚಿತ್ರವಿದ್ದು, ಅನಂತರ ಅದನ್ನು ಕೈಬಿಡಲಾಯಿತು. 453ನೆಯ ಪುಟದಲ್ಲಿ ‘ಸರ್ ಪಿಟ್’ ಎಂದಿರಬೇಕಾದೆಡೆ ‘ಮಿಸ್ಟರ್ ಪಿಟ್’ ಎಂದಿದೆ. ಸಂಗ್ರಾಹಕರಿಗೆ ಇವು ಬೆಲೆಯ ಗುರುತುಗಳು, ಸಂಪಾದಕನಿಗೆ ಪಾಠಾಂತರಗಳು. ಚರ್ಮದ ಪ್ರತಿಗಿಂತ ಹರಕು ಹಳದಿ ಹೊದಿಕೆಯ ಕಂತುಗಳಿಗೆ ಸಂಗ್ರಾಹಕರು ಹೆಚ್ಚಿನ ಬೆಲೆ ತೆರುವುದರ ಹಿಂದೆ ಕೇವಲ ಷೋಕಿಯಿಲ್ಲ.

ಬೈಂಡಿಂಗ್ ಎಂದೊಡನೆ ಕೃತಿಗೆ ಹಾನಿಯೆಂದು ತಿಳಿಯಬೇಕಾಗಿಲ್ಲ. ಇದಕ್ಕೆ ಪ್ರತಿಯಾದ ನಿದರ್ಶನ ಥ್ಯಾಕರೆಯ ಜನ್ಮಸ್ಥಳದಲ್ಲಿಯೇ ದೊರೆಯುತ್ತದೆ. ಪಿ. ಲಾಲ್ ಅವರು (1929–2010) 1958ರಲ್ಲಿ ಕೋಲ್ಕತ್ತದಲ್ಲಿ ಆರಂಭಿಸಿದ ರೈಟರ್ಸ್ ವರ್ಕ್‌ಷಾಪ್ ತನ್ನ ಪುಸ್ತಕಗಳಿಗೆ ಕೈಮಗ್ಗದ ಸೀರೆಯ ಬಟ್ಟೆ ಹೊದಿಸಿ, ಅವರದೇ ಕೈಬರಹದ ಶೀರ್ಷಿಕೆಯನ್ನು ಚಿನ್ನದಲ್ಲಿ ಅಚ್ಚೊತ್ತಿಸಿತು. ಅಚ್ಚು ಮಾಡಿದವರ ಹೆಸರಿನೊಂದಿಗೆ ಬೈಂಡರ ಹೆಸರನ್ನೂ ಅಲ್ಲಿ ಮುದ್ರಿಸಲಾಗುತ್ತಿತ್ತು. ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನ ಹೆಸರು ಹುಡುಕುವ ಕನ್ನಡ ವಿದ್ವಾಂಸರಿಗೆ ಈ ಸೌಜನ್ಯದ ಬೆಲೆ ತಿಳಿದೇ ಇದೆ.

ಓಲೆಗರಿ, ಕಡತಗಳ ವಿಷಯದಲ್ಲಿ ಕನ್ನಡ ಗ್ರಂಥಸಂಪಾದನೆ ಬೆಳೆಸಿಕೊಂಡ ಎಚ್ಚರ ಅಚ್ಚಿನ ಪುಸ್ತಕಗಳ ಕಡೆಗೆ ಸಾಕಷ್ಟು ಹರಿದಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಕೋಲ್ಕತ್ತದ ಸಮೀಪದ ಸೆರಾಂಪುರದಲ್ಲಿ ಅಚ್ಚಾದಂದಿನಿಂದ ಎಣಿಸಿದರೂ ಕನ್ನಡ ಮುದ್ರಣಕ್ಕೆ ಎರಡು ಶತಮಾನ ಕಳೆದಿದೆ. ಹಳೆಯ ಕಾದಂಬರಿಗಳ ಮೊದಲ ಮುದ್ರಣಗಳನ್ನು ಗ್ರಂಥಾಲಯಗಳಲ್ಲಿ ಕೇಳಿದರೆ ಹಲವೊಮ್ಮೆ ಸಿಗುವುದು ರೆಕ್ಸಿನ್ ಬೆನ್ನಿನ, ಅಂಚು ಕತ್ತರಿಸಿದ, ಮುಖಪುಟವಿಲ್ಲದ ಪ್ರತಿ. ಬೆಲೆ, ಪ್ರತಿಗಳ ಸಂಖ್ಯೆ, ಲೇಖಕರ ಇತರ ಕೃತಿಗಳ ಪಟ್ಟಿ ಮುಂತಾದವು ಹೊದಿಕೆಯ ಒಳಬದಿಯಲ್ಲೋ ಹಿಂಬದಿಯಲ್ಲೋ ಅಚ್ಚಾಗಿದ್ದರೆ ಅವೂ ಅದರೊಡನೆ ಹೋದಂತೆಯೇ. ಬದಲಾಗಿ, ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ಊರಿನ ಬೈಂಡರಿಂದ ರಟ್ಟು ಹಾಕಿಸಿ ಮನೆಯಲ್ಲಿಟ್ಟುಕೊಂಡ ಓದುಗರ ಕಟ್ಟುಗಳಲ್ಲಿ ಕಂತು ಎಲ್ಲಿ ನಿಂತಿತು, ಯಾವ ಚಿತ್ರ ಜೊತೆಗಿತ್ತು, ಬೆನ್ನಿಗೆ ಯಾವ ಜಾಹೀರಾತಿತ್ತು ಎಂಬುದೆಲ್ಲ ಉಳಿದಿರುವುದುಂಟು. ಇವನ್ನು ಸಂಪಾದಕರು ಆಕರವೆಂದು ಪರಿಗಣಿಸಿದ್ದು ವಿರಳ.

1954ರ ಗ್ರಂಥ ಹಸ್ತಾಂತರ ಕಾಯಿದೆಯು ಪ್ರಕಟವಾದ ಪುಸ್ತಕದ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ತಲುಪಿಸಬೇಕೆಂದು ವಿಧಿಸುತ್ತದೆ. ಆ ಪ್ರತಿ ಚಿತ್ರಗಳೊಡನೆ ಪೂರ್ಣವಾಗಿರಬೇಕು, ಹೊಲಿದು ಕಟ್ಟಿರಬೇಕು, ಇದ್ದುದರಲ್ಲಿ ಉತ್ತಮ ಕಾಗದದ್ದಾಗಿರಬೇಕು. ಬಿ. ಎಸ್. ಕೇಶವನ್ ಅವರು ಸ್ವತಂತ್ರ ಭಾರತದಲ್ಲಿ ಈ ಗ್ರಂಥಾಲಯದ ಮೊದಲ ಗ್ರಂಥಪಾಲಕರಾಗಿದ್ದರು. ಅನಂತರದ ಕನ್ನಡ ಕಾದಂಬರಿಯೊಂದರ ಮೊದಲ ಮುದ್ರಣವನ್ನು ಪರಿಶೀಲಿಸುವವರು ಬೆಂಗಳೂರು, ಮೈಸೂರುಗಳ ಪ್ರತಿಗಳ ಜೊತೆಗೆ ಬೆಲ್ವೆಡೇರ್ ಭವನದ ಆವರಣದಲ್ಲಿರುವ ಪ್ರತಿಯನ್ನೂ ನೋಡಿ, ಹೊದಿಕೆಯಿದೆಯೇ ಇಲ್ಲವೇ ಎಂಬುದನ್ನು ಪ್ರತಿಯ ವಿವರಣೆಯಲ್ಲಿ ದಾಖಲಿಸಬೇಕು.